ಕ್ಲಚ್ಚು ಒಬ್ಬನದು, ಗೇರು ಒಬ್ಬನದು

ಕೆಂಪು ಕಾರು ಮನೆಗೆ ಬಂದು ತಿಂಗಳು ತುಂಬುವುದರೊಳಗೆ ಶಶಿಕಾಂತನ ಎಡಗಾಲು ನೋಯತೊಡಗಿತ್ತು. ಆದರೆ ಅದನ್ನು ಯಾರ ಮುಂದೆ ಹೇಳುವುದು? ಗೇರಿನ ಗಾಡಿಯೇ ಬೇಕು ಎಂದು ಪುಣೆಯ ವ್ಯಾಪಾರಿಯ ಅಂಗಳದಲ್ಲಿ ನಿಂತು ಹಟ ಹಿಡಿದವನು ಅವನೇ.

ಅಲ್ಲಿ ಎರಡು ಕಾರುಗಳಿದ್ದವು. ಎರಡೂ ಜಪಾನಿನಿಂದ ಹಡಗಿನಲ್ಲಿ ಬಂದವು, ಎರಡೂ ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಬಿಳಿಯದಕ್ಕೆ ನಾಲ್ಕು ಬಾಗಿಲು, ಕ್ಲಚ್ಚೇ ಇಲ್ಲ, ಗೇರು ತನ್ನಷ್ಟಕ್ಕೆ ತಾನೇ ಬೀಳುತ್ತಿತ್ತು. ಕೆಂಪಿನದಕ್ಕೆ ಎರಡೇ ಬಾಗಿಲು, ಐದು ಗೇರು, ನೆತ್ತಿಯ ಮೇಲೆ ತೆರೆಯುವ ಗಾಜು, ಹಿಂದೆ ಒಂದು ರೆಕ್ಕೆ. ಆ ರೆಕ್ಕೆಯಿಂದ ಏನು ಉಪಯೋಗವೆಂದು ವ್ಯಾಪಾರಿಗೂ ಗೊತ್ತಿರಲಿಲ್ಲ.

ಜೊತೆಗೆ ಹೋಗಿದ್ದವನು ಮೈಲಾರಿ, ಶಶಿಕಾಂತನ ಅಕ್ಕ ಲಕ್ಷ್ಮಿಯ ಗಂಡ. ಧಾರವಾಡದ ಹತ್ತಿರದ ಮುಗದ ಊರಿನ ಆಚೆ ಇಬ್ಬರದೂ ಪಾಲಿನಲ್ಲಿ ಒಂದು ಜಲ್ಲಿ ಕ್ರಷರ್ ಇತ್ತು, ಕಾರೂ ಪಾಲಿನಲ್ಲೇ ಎಂದು ಮಾತಾಗಿತ್ತು. ಮೈಲಾರಿ ಹರೆಯದಲ್ಲಿ ಗರಡಿಯ ಹುಲಿ. ಒಂದು ಕುಸ್ತಿಯಲ್ಲಿ ಎದುರಾಳಿ ತಿರುವಿದ್ದಕ್ಕೆ ಎಡಮೊಣಕಾಲು ಹೋಗಿ, ಅಂದಿನಿಂದ ಅದು ಮಡಚುತ್ತಿರಲಿಲ್ಲ. ಕ್ಲಚ್ಚು ತುಳಿಯುವುದು ಬಂದಾಯಿತು. ಅದಕ್ಕೂ ಮುಂಚೆ ಟಿಪ್ಪರ್ ಹೊಡೆಯುತ್ತಿದ್ದವನು ಈಗ ಎಲ್ಲಿಗೆ ಹೋದರೂ ಎಡಗಡೆಯ ಸೀಟಿನವನಾಗಿದ್ದ. ಪುಣೆಯಲ್ಲಿ ಆ ಬಿಳಿ ಕಾರನ್ನು ಅಂಗಳದೊಳಗೇ ಒಂದು ಸುತ್ತು ಹೊಡೆದು ಇಳಿದಾಗ ಅವನ ಮೀಸೆಯ ಮುಖ ಹಬ್ಬದ ದಿನದ ಮಕ್ಕಳ ಮುಖದಂತಾಗಿತ್ತು.

ಶಶಿಕಾಂತ ಆ ಮುಖ ನೋಡಿದ್ದ. ನೋಡಿಯೂ ಹೇಳಿದ್ದ:

"ಗೇರ್ ಇಲ್ಲದ ಗಾಡಿ ಏನ್ ಗಾಡಿರಿ ಮಾಮಾ? ಹೆಣ್ಮಕ್ಕಳ ಆಟಿಕಿ ಆದಂಗ ಆತು."

ಮೈಲಾರಿ ಕೆಂಪು ಕಾರಿನ ಎಡಗಡೆಯ ಬಾಗಿಲು ತೆಗೆದು, ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಕೂತ.

ಆಮೇಲೆ ಶುರುವಾಯಿತು ಶಶಿಕಾಂತನ ಪಡಿಪಾಟಲು. ಹುಬ್ಬಳ್ಳಿಯ ಪೇಟೆಯಲ್ಲಿ ಹೆಜ್ಜೆಗೊಂದು ಸಲ ಕ್ಲಚ್ಚು. ರೋಡ್ ಹಂಪ್ ಬಂದಲ್ಲೆಲ್ಲ ಕಾರಿನ ಹೊಟ್ಟೆ ಕರ್ರೆಂದು ಕೆರೆದು ಹಲ್ಲು ಜುಮ್ಮೆನ್ನುವುದು. ನೆತ್ತಿಯ ಗಾಜು ತೆರೆದರೆ ಜಲ್ಲಿಯ ಧೂಳು ತಲೆಯ ಮೇಲೇ. ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನ ಸೀಟು ಮಡಚಿ ಬಗ್ಗಿ ನುಸುಳಬೇಕು. ನವನಗರದ ಮನೆಯ ಮುಂದೆ ಒಮ್ಮೆ ಲಕ್ಷ್ಮಿ ಹಾಗೆ ನುಸುಳಿ ಸೀರೆ ಹರಿದುಕೊಂಡಾಗ, "ತಮ್ಮಾ, ಇದೇನ್ ಕಾರೋ, ಇಲಿ ಬೋನೋ?" ಎಂದು ನಕ್ಕಿದ್ದಳು. ಆಕೆ ನಕ್ಕರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ತಾಯಿ ತೀರಿದ ಮೇಲೆ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಆಕೆಯೇ.

ಹಾಗಾಗಿ ಒಂದು ಶನಿವಾರ ಅವನು ಕದ್ದು ಪುಣೆಗೆ ಫೋನು ಮಾಡಿ, ಬಿಳಿಯದು ಇನ್ನೂ ಇದೆಯಾ, ಬದಲಿ ಕೊಡುತ್ತೀರಾ ಎಂದು ಕೇಳಿದ. ಇದೆ ಎಂದ ವ್ಯಾಪಾರಿ. ಮರುದಿನ ರವಿವಾರ ಕ್ರಷರಿನಲ್ಲಿ ಮಾಮಾನ ಮುಂದೆ ಹೇಳಿಬಿಡಬೇಕು, ನಿಮ್ಮ ಸಲುವಾಗಿಯೇ ಬದಲಿಸುತ್ತೇನೆ ಅಂತ ಅಂದರೆ ಮರ್ಯಾದೆಯೂ ಉಳಿಯುತ್ತದೆ ಎಂದು ರಾತ್ರಿಯೆಲ್ಲ ಮಾತು ಜೋಡಿಸಿದ. ಎರಡೇ ಮಾತು, ನೋಡಿ. ಮೊದಲು ಆಡಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಬಾಯಿ ಮೊದಲು ತೆರೆದವನು ಮೈಲಾರಿ.

ರವಿವಾರ ಯಂತ್ರಗಳು ನಿಂತಿದ್ದವು. ಕೆಲಸದವರಿಗೆ ರಜೆ, ಟಿಪ್ಪರುಗಳೆಲ್ಲ ಊರಿಗೆ. ಕಾವಲುಗಾರ ಹುಚ್ಚಪ್ಪ ಒಬ್ಬನೇ ಶೆಡ್ಡಿನ ಮುಂದೆ ಬೀಡಿ ಸೇದುತ್ತ ಕೂತಿದ್ದ. ಲಕ್ಷ್ಮಿ ಬುತ್ತಿ ಕಟ್ಟಿಕೊಂಡು ಗಂಡ, ತಮ್ಮನ ಜೊತೆಗೇ ಬಂದಿದ್ದಳು. ಒಳಗೆ ರೊಟ್ಟಿ, ಝುಣಕ ಹರವುತ್ತಿದ್ದಳು.

"ಪುಣೆದಾವಾ ನನಗ ಫೋನ್ ಮಾಡಿದ್ದಾ," ಎಂದ ಮೈಲಾರಿ, ಕಾರಿಗೆ ಒರಗಿ. "ಏನಂದಾ ಹೇಳ್ಲ್ಯಾ? ನಿಮ್ಮ ಭಾವಮೈದುನಗ ಕಾಲು ನೋಯಾಕತ್ತೈತಂತ, ಆಟೋಮ್ಯಾಟಿಕ್ ಬೇಕಂತ ಅಂದಾ." ಹುಚ್ಚಪ್ಪನ ಕಡೆ ತಿರುಗಿದ. "ಕೇಳಿದ್ಯೇನ್ಲೇ ಹುಚ್ಚಪ್ಪಾ? ಹೆಣ್ಮಕ್ಕಳ ಆಟಿಕಿ ಈಗ ಇವಗ ಬೇಕಾಗೇತಿ. ನನ್ನ ಮುಂದ ಮೀಸಿ ತಿರುವತಾನ, ಪುಣೆದವನ ಮುಂದ ಹಲ್ಲು ಗಿಂಜತಾನ."

ಹುಚ್ಚಪ್ಪ ಪಾಪ, ನಗಬೇಕೋ ಬಿಡಬೇಕೋ ತಿಳಿಯದೆ ನಕ್ಕುಬಿಟ್ಟ.

ಆ ನಗುವೇ ಸಾಕಾಯಿತು. ಮೈಲಾರಿ ತಿಂಗಳಿನಿಂದ ನುಂಗಿದ್ದನ್ನು ಹೊರಗೆ ಹಾಕಿದ್ದ, ಅದೇನು ದೊಡ್ಡ ತಪ್ಪಲ್ಲ. ಆದರೆ ಶಶಿಕಾಂತನಿಗೆ ಕಿವಿಯ ತನಕ ಉರಿ ಹತ್ತಿತು. ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. ಮಾಮಾನನ್ನು ಯಾವತ್ತೂ ಬಹುವಚನದಲ್ಲಿ ಮಾತಾಡಿಸಿದವನು ಅಂದು ಕೂಗಿದ:

"ಲೇ ಕುಂಟಾ! ನಿನಗ ಕೊಡೂದಕಿಂತ ಈ ಗಾಡಿ ಕ್ರಷರಿಗೆ ಹಾಕಿ ಜಲ್ಲಿ ಮಾಡ್ತೇನಿ!"

ಕೂಗಿ ಕಪಾಳಕ್ಕೆ ಬಾರಿಸಿದ.

ಕಾಲು ಹೋದರೇನು, ಪೈಲ್ವಾನನ ಕೈ ಹೋಗಿರಲಿಲ್ಲ. ಎರಡನೇ ಏಟಿಗೆ ಎತ್ತಿದ ಎಡಗೈಯನ್ನು ಮೈಲಾರಿ ಗಾಳಿಯಲ್ಲೇ ಹಿಡಿದ, ಮೈ ತಿರುಗಿಸಿದ, ತನ್ನ ಪಕ್ಕೆಗೆ ಒತ್ತಿ ಕೆಳಗೆಳೆದ. ಮೊಣಕೈ ಹತ್ತಿರ ಲಟಕ್ ಅಂದಿತು. ಶಶಿಕಾಂತನ ಬಾಯಿಂದ ಬಂದ ಧ್ವನಿ ಅವನಿಗೇ ಗುರುತು ಸಿಗಲಿಲ್ಲ. ನೆಲಕ್ಕೆ ಬಿದ್ದ. ಮೈಲಾರಿ ಬಿಡಲಿಲ್ಲ, ಬಿದ್ದವನ ಬಾಯಿಗೆ ಗುದ್ದಿದ, ಇನ್ನೊಮ್ಮೆ ಗುದ್ದಿದ. ಬಾಯಲ್ಲಿ ರಕ್ತ, ಹಲ್ಲಿನ ಚೂರು, ಜಲ್ಲಿಯ ಪುಡಿ ಕೂಡಿಕೊಂಡವು. ಶಶಿಕಾಂತ ಬಲಗೈ ಬೀಸಿ ತಡಕಾಡಿದಾಗ ಕೈಗೆ ಸಿಕ್ಕಿದ್ದು ಕಲ್ಲು ಮೀಟುವ ಹಾರಿ, ಎಷ್ಟೋ ಕಲ್ಲು ಎಬ್ಬಿಸಿದ ಕಬ್ಬಿಣ. ಅದನ್ನು ಹಿಡಿದು ಎದ್ದ, ಕಣ್ಣು ಮಂಜಾಗಿತ್ತು, ಎದುರಿಗೆ ಮೈಲಾರಿಯ ಬಿಳಿ ಅಂಗಿ ಕಂಡಿತು. ಬೀಸಿದ.

"ತಮ್ಮಾ" ಎಂದದ್ದು ಬೀಸುವ ಮೊದಲೋ ಆಮೇಲೋ, ಅವನಿಗೆ ಮುಂದೆಂದೂ ನೆನಪಾಗಲಿಲ್ಲ.

ಲಕ್ಷ್ಮಿ ಇಬ್ಬರ ನಡುವೆ ಬಂದಿದ್ದಳು. ಕೈಯಲ್ಲಿ ಮಜ್ಜಿಗೆಯ ತಂಬಿಗೆ ಹಾಗೇ ಇತ್ತು. ಹಾರಿಯ ತುದಿ ಕಿವಿಯ ಮೇಲ್ಗಡೆ ಬಡಿದು, ಆಕೆ ನಿಂತಲ್ಲೇ ಕುಸಿದು ಕೂತಳು, ಕೂತಲ್ಲಿಂದ ಪಕ್ಕಕ್ಕೆ ಒರಗಿದಳು. ಮಜ್ಜಿಗೆ ಚೆಲ್ಲಿತು, ಅದರ ಮೇಲೆ ರಕ್ತ ಹರಿಯಿತು.

ಯಾರ ಮೊಬೈಲಿಗೂ ಅಲ್ಲಿ ಸಿಗ್ನಲ್ ಇರಲಿಲ್ಲ. ಇಸವಿ ಎರಡು ಸಾವಿರದ ಮೂರು, ಗುಡ್ಡದ ಮರೆಯ ಜಾಗ. ಇದ್ದದ್ದೊಂದೇ ಗಾಡಿ, ಕೆಂಪಿನದು.

ಆಕೆಯನ್ನು ಅದರೊಳಗೆ ಹಾಕುವುದೇ ಒಂದು ಹಿಂಸೆಯಾಯಿತು. ಎರಡೇ ಬಾಗಿಲು. ಸೀಟು ಮಡಚಿ, ಹುಚ್ಚಪ್ಪ ಹೊರಗಿನಿಂದ ನೂಕಿ, ಮೈಲಾರಿ ಕುಂಟುಗಾಲಿನಿಂದ ಒಳಗೆ ತೂರಿ ಕಂಕುಳಿಗೆ ಕೈಹಾಕಿ ಎಳೆದ. ಸೀರೆ ಸೀಟಿನ ಸಲಾಕೆಗೆ ಸಿಕ್ಕಿತು. ತಲೆ ಒಮ್ಮೆ ಬಾಗಿಲಿನ ಚೌಕಟ್ಟಿಗೆ ತಾಗಿತು, ಆಕೆ ನರಳಿದಳು. ಬಿಳಿಯದಕ್ಕೆ ನಾಲ್ಕು ಬಾಗಿಲಿದ್ದವು ಎಂದು ಶಶಿಕಾಂತನಿಗೆ ಆಗ ನೆನಪಾಗಿ ತನ್ನ ಮುಖಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಹುಚ್ಚಪ್ಪ ಟವೆಲ್ಲಿನಿಂದ ಅವನ ಮುರಿದ ಕೈಯನ್ನು ಎದೆಗೆ ಬಿಗಿದ. ಹುಚ್ಚಪ್ಪನಿಗೆ ಸೈಕಲ್ಲೂ ಬರುತ್ತಿರಲಿಲ್ಲ.

"ಸ್ಟೇರಿಂಗ್ ನೀ ಹಿಡಿ," ಎಂದ ಮೈಲಾರಿ ಎಡಗಡೆ ಕೂರುತ್ತ. "ಕ್ಲಚ್ ನಿನ್ನದು. ಗೇರ್ ನಾ ಹಾಕ್ತೇನಿ."

ಒಬ್ಬನಿಗೆ ಕೈಯಿಲ್ಲ, ಇನ್ನೊಬ್ಬನಿಗೆ ಕಾಲಿಲ್ಲ. ಇಬ್ಬರೂ ಕೂಡಿ ಒಬ್ಬ ಡ್ರೈವರ್.

ಮೊದಲ ಸಲ ಮೈಲಾರಿ ಟಿಪ್ಪರಿನ ರೂಢಿಯಲ್ಲಿ ಒಂದನೇ ಗೇರಿನ ಬದಲು ಮೂರನೆಯದು ಹಾಕಿದ. ಕಾರು ಜಿಗಿದು ಸತ್ತಿತು. ಎರಡನೇ ಸಲ ಶಶಿಕಾಂತ ಕ್ಲಚ್ಚು ಬೇಗ ಬಿಟ್ಟ. ಮತ್ತೆ ಜಿಗಿತ, ಮತ್ತೆ ಹಿಂದಿನಿಂದ ನರಳಾಟ.

"ತುಳಿಯೋ! ನಾ ಹೇಳೂತನಾ ಬಿಡಬ್ಯಾಡ!"

"ನೀ ಮೊದಲ ಸರಿ ಗೇರ್ ಹಾಕು!"

ಹಾಗೇ ಬೈದಾಡುತ್ತ ರಸ್ತೆಗೆ ಬಿದ್ದರು. "ಕ್ಲಚ್!" "ಹಾಕು!" "ಬಿಡು!" ಗೇರಿನ ಪೆಟ್ಟಿಗೆ ಗರಗರ ಅನ್ನುತ್ತಿತ್ತು. ಮುಗದ ಬಿಟ್ಟ ಮೇಲೆ ರೈಲು ಗೇಟು ಹಾಕಿತ್ತು. ಗೂಡ್ಸ್ ಗಾಡಿ ಡಬ್ಬಿ ಡಬ್ಬಿಯಾಗಿ ತೆವಳುವಾಗ ಶಶಿಕಾಂತ ಕ್ಲಚ್ಚು ತುಳಿದುಕೊಂಡೇ ಅಳತೊಡಗಿದ.

"ಅಳೂದು ಆಮ್ಯಾಲೆ," ಎಂದ ಮೈಲಾರಿ, ಹಲ್ಲು ಕಚ್ಚಿ. "ಆಕಿ ಸತ್ತರ ನಿನ್ನ ಇಲ್ಲೇ ಹುಗೀತೇನಿ."

"ಹುಗೀರಿ," ಎಂದ ಶಶಿಕಾಂತ. ಬಹುವಚನ ತಾನಾಗಿ ತಿರುಗಿ ಬಂದಿತ್ತು.

ಧಾರವಾಡದಲ್ಲಿ ನಿಲ್ಲಿಸೋಣವೇ, ಯಾರಾದರೂ ಡ್ರೈವರನ್ನು ಕರೆಯೋಣವೇ ಎಂದು ಅವನು ಕೇಳಿದ. ಮೈಲಾರಿ ಬೇಡವೆಂದ. ಹಿಂದೊಮ್ಮೆ ಕ್ರಷರಿನ ಆಳೊಬ್ಬನ ತಲೆಗೆ ಕಲ್ಲು ಬಿದ್ದಾಗ ಕೊನೆಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೇ ಒಯ್ಯಬೇಕಾಗಿತ್ತು. "ಇಳಿಸಿ ಹತ್ತಿಸೂದ್ರಾಗ ಆಕಿ ಜೀವಾ ಹೋಗತೈತಿ. ಈ ಬೋನಿನ್ಯಾಗಿಂದ ಒಮ್ಮೆ ಇಳಿಸೂದು, ಅಷ್ಟ."

ಜುಬಿಲಿ ಸರ್ಕಲ್ಲಿನ ಗದ್ದಲದಲ್ಲಿ ಬಸ್ಸು, ಟೆಂಪೋ, ಸೈಕಲ್ಲು. ನಿಂತು ಹೊರಡು, ನಿಂತು ಹೊರಡು. ಒಂದು ಕಡೆ ಗೇರು ಬೀಳದೆ ಕಾರು ಅಡ್ಡ ನಿಂತಿತು. ಹಿಂದಿನವರು ಹಾರ್ನು ಒತ್ತಿದರು. ಮೈಲಾರಿ ಗೇರು ಬಿಟ್ಟು ಶಶಿಕಾಂತನ ಕುತ್ತಿಗೆಗೇ ಕೈ ಹಾಕಿದ. ಶಶಿಕಾಂತ ಸ್ಟೇರಿಂಗ್ ಬಿಟ್ಟು ಅವನ ಮುಖ ಪರಚಿದ. ಸಾಯುವ ಹೆಂಗಸನ್ನು ಹಿಂದೆ ಮಲಗಿಸಿಕೊಂಡು ನಡುರಸ್ತೆಯಲ್ಲಿ ಬಡಿದಾಡಿದ ಇವರಿಗೆ ಏನು ಹೇಳಬೇಕು?

ಆಗ ಹಿಂದಿನಿಂದ ಧ್ವನಿ ಬಂತು. ತೆಳ್ಳಗೆ, ಆದರೆ ಸ್ಪಷ್ಟವಾಗಿ.

"ಬಡದಾಡಬ್ಯಾಡ್ರಪಾ. ನನಗ ತಲಿ ನೋಯಾಕತ್ತೈತಿ. ಸುಮ್ಕಿರ್ರಿ ಇಬ್ರೂ."

ಮನೆಯಲ್ಲಿ ಊಟಕ್ಕೆ ಕೂತಾಗ ಇಬ್ಬರ ಧ್ವನಿ ಏರಿದರೆ ಆಕೆ ಹೀಗೇ ಹೇಳುತ್ತಿದ್ದಳು.

ಇಬ್ಬರ ಕೈಗಳೂ ಇಳಿದವು. ಮಾತಾಡುತ್ತಾಳೆಂದರೆ ಬದುಕುತ್ತಾಳೆ ಎಂದು ಶಶಿಕಾಂತನ ಎದೆ ಹಾರಿತು. "ಆತಕ್ಕಾ, ಇನ್ನ ಮಾತಾಡೂದಿಲ್ಲ," ಎಂದ. ಮೈಲಾರಿ ಮಡದಿಯ ಕಡೆ ತಿರುಗಲು ಹೋದ, ಮೊಣಕಾಲು ಬಿಡಲಿಲ್ಲ, ಹೆಗಲಿನ ಮೇಲಿಂದ ಕೈಯಷ್ಟೇ ಹಿಂದೆ ಚಾಚಿ ಆಕೆಯ ಪಾದ ಮುಟ್ಟಿ, ಕೈ ವಾಪಸು ಗೇರಿನ ಮೇಲಿಟ್ಟ.

ಆಮೇಲೆ ಒಂದು ಮಾತಿಲ್ಲ. ಶಶಿಕಾಂತ ಕ್ಲಚ್ಚು ತುಳಿಯುವಾಗ ಗದ್ದವನ್ನು ತುಸು ಕೆಳಗೆ ಮಾಡುತ್ತಿದ್ದ, ಅಷ್ಟರಲ್ಲೇ ಮೈಲಾರಿಯ ಕೈ ಗೇರು ಬದಲಿಸಿರುತ್ತಿತ್ತು. ಸ್ವಲ್ಪ ದೂರಕ್ಕೆ ಗದ್ದವೂ ಬೇಕಾಗಲಿಲ್ಲ. ಇಂಜಿನ್ನಿನ ಧ್ವನಿ ಏರಿದರೆ ಒಬ್ಬನ ಕಾಲು, ಕಾಲು ಇಳಿದರೆ ಇನ್ನೊಬ್ಬನ ಕೈ. ಎರಡು, ಮೂರು, ನಾಲ್ಕು. ಗರಗರ ಸದ್ದು ನಿಂತೇ ಹೋಯಿತು. ಹಂಪ್ ಬಂದಲ್ಲಿ ಮೈಲಾರಿ ಮೊದಲೇ ಗೇರು ಇಳಿಸಲು ಕೈ ಸಿದ್ಧ ಮಾಡುತ್ತಿದ್ದ, ಶಶಿಕಾಂತ ಹೊಟ್ಟೆ ಕೆರೆಯದಂತೆ ಓರೆಯಾಗಿ ದಾಟಿಸುತ್ತಿದ್ದ. ಕಾರು ಆ ತಿಂಗಳಲ್ಲಿ ಒಮ್ಮೆಯೂ ಅಷ್ಟು ನಯವಾಗಿ ಓಡಿರಲಿಲ್ಲ. ಗೇರೇ ಇಲ್ಲದ ಗಾಡಿಯಂತೆ ಓಡಿತು.

ನವನಗರ ಬಂತು, ಮನೆಯ ತಿರುವು ಹಿಂದಾಯಿತು. ಹೇಳಬಾರದು, ಆದರೆ ಶಶಿಕಾಂತನಿಗೆ ಆ ಹೊತ್ತಿನಲ್ಲಿ ಒಂದು ಕ್ಷಣ ಸುಖವಾಯಿತು. ಅಕ್ಕ ಹಿಂದೆ ನಿದ್ದೆ ಹೋಗಿರಬೇಕು, ನರಳುತ್ತಿಲ್ಲ, ನೋವು ಇಳಿದಿರಬೇಕು. ಆಸ್ಪತ್ರೆಯಲ್ಲಿ ಆಕೆ ಏಳಲಿ, ಪೊಲೀಸರ ಮುಂದೆ ನಾನೇ ಹೊಡೆದೆ ಎಂದು ಹೇಳುತ್ತೇನೆ. ಬಿಳಿ ಕಾರು ತರಿಸುತ್ತೇನೆ. ಮಾಮಾ ಹೊಡೆಯಲಿ, ಪಕ್ಕದಲ್ಲಿ ಅಕ್ಕ ಕೂರಲಿ. ಬೈರಿದೇವರಕೊಪ್ಪ ದಾಟುವಾಗ ಮೈಲಾರಿಯ ಕಡೆ ನೋಡಿದ. ಮೈಲಾರಿಯೂ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇಬ್ಬರೂ ಉಸಿರು ಸಣ್ಣಗೆ ಮಾಡಿಕೊಂಡು, ಆಕೆಗೆ ಎಚ್ಚರವಾಗದಂತೆ ಗಾಡಿ ಹೊಡೆದರು.

ಆಸ್ಪತ್ರೆಯ ಬಾಗಿಲಿನಲ್ಲಿ ಸ್ಟ್ರೆಚರ್ ತಂದವರು ಎಡಗಡೆಯ ಬಾಗಿಲಿನಿಂದ ಮೈಲಾರಿಯನ್ನು ಇಳಿಸಿ, ಸೀಟು ಮಡಚಿ ಬಗ್ಗಿದರು. ಒಬ್ಬ ನರ್ಸು ಒಳಗೆ ನುಸುಳಿ ಲಕ್ಷ್ಮಿಯ ಕುತ್ತಿಗೆಯ ಮೇಲೆ ಬೆರಳಿಟ್ಟಳು. ಇಟ್ಟ ಬೆರಳು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಸೆರಗು ಸರಿಮಾಡಿದಳು.

"ಇವರು ಕೊನೀಗೆ ಮಾತಾಡಿದ್ದು ಎಲ್ಲೆರಿ?" ಎಂದು ಕೇಳಿದಳು.

"ಧಾರವಾಡದಾಗ," ಎಂದ ಶಶಿಕಾಂತ. "ಜುಬಿಲಿ ಸರ್ಕಲ್ಲಿನ್ಯಾಗ."

"ಆಮ್ಯಾಲೆ ನರಳಲಿಲ್ಲೇನ್ರಿ? ಉಸಿರಿನ ಸಪ್ಪಳಾ? ಏನೂ ಕೇಳ್ಲಿಲ್ಲೇನ್ರಿ ನಿಮಗ? ಎಲ್ಲಿ ನಿಂತಿತು ಅಂತಾದ್ರೂ ಗೊತ್ತದನ?"

ಅವನಿಗೆ ಗೊತ್ತಿರಲಿಲ್ಲ. ನವಲೂರೋ, ನವನಗರವೋ, ಸ್ವಂತ ಮನೆಯ ತಿರುವಿನಲ್ಲೋ. ಮೈಲಾರಿ ಕಾರಿನ ಮಾಡು ಹಿಡಿದು ನಿಂತಿದ್ದ. ಅವನ ಗಲ್ಲದ ಮೇಲೆ ಶಶಿಕಾಂತ ಪರಚಿದ ಗಾಯದಿಂದ ರಕ್ತ ಇಳಿಯುತ್ತಿತ್ತು.

"ಇಲ್ರಿ ಬಾಯಾರ," ಎಂದ ಮೈಲಾರಿ. "ಆಮ್ಯಾಲೆ ನಾವು ಜಗಳಾಡಲಿಲ್ರಿ."

ನರ್ಸಿಗೆ ಅದು ಅರ್ಥವಾಗಲಿಲ್ಲ. ಇಂಜಿನ್ನು ಇನ್ನೂ ಓಡುತ್ತಿತ್ತು, ಗಾಡಿ ಬಂದ್ ಮಾಡಿ ಇಳೀರಿ ಎಂದು ಸ್ಟ್ರೆಚರಿನವರು ಶಶಿಕಾಂತನಿಗೆ ಹೇಳಿದರು. ಅವನು ಕ್ಲಚ್ಚು ತುಳಿದುಕೊಂಡೇ ಕೂತಿದ್ದ, ಗೇರು ತೆಗೆಯುವ ಕೈಗಾಗಿ ಕಾಯುತ್ತಿದ್ದ.