ಒಣಹಳ್ಳದಲ್ಲಿ ಉಳಿದ ನೀರು

ನಾನೊಂದು ಸ್ಟೀಲ್ ಬಾಟಲಿ. ಹುಟ್ಟಿದ ಕಾರ್ಖಾನೆಯ ನೆನಪು ಹೆಚ್ಚಿಲ್ಲ. ಅಲ್ಲಿ ಸಾಲಾಗಿ ನಿಂತವರೆಲ್ಲ ನನ್ನಂತೆಯೇ ಹೊಳೆಯುತ್ತಿದ್ದರು, ನನ್ನಂತೆಯೇ ಖಾಲಿಯಾಗಿದ್ದರು. ಮೊದಲ ಸಲ ಒಳಗೆ ನೀರು ಬಿದ್ದಾಗ ಎಚ್ಚರವಾದಂತಾಯಿತು. ಅಂದಿನಿಂದ ಒಂದೇ ಕಳವಳ: ಈ ನೀರು ಹೊತ್ತಿಗೆ ಸರಿಯಾಗಿ ಯಾರದಾದರೂ ಗಂಟಲಿಗೆ ಇಳಿಯುತ್ತದೆಯೇ?

ನನ್ನನ್ನು ಕೊಂಡವಳು ಹೆಲೆನ್, ನಿವೃತ್ತ ಸಂಗೀತ ಶಿಕ್ಷಕಿ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ, ಒಂದು ರಾಜ್ಯ ಉದ್ಯಾನದ ಪಕ್ಕದಲ್ಲಿ ಅವಳ ಮನೆ. ಉದ್ಯಾನವೆಂದರೆ ಹೂವು, ಹುಲ್ಲುಹಾಸು ಎಂದುಕೊಳ್ಳಬೇಡಿ. ಮನೆಗಿಂತ ಎತ್ತರದ ಕಳ್ಳಿಗಳು, ಕಾದ ಬಂಡೆಗಳು, ಮಳೆ ಬಂದರೆ ಮಾತ್ರ ಹರಿಯುವ ಹಳ್ಳಗಳು, ನಡುವೆ ಕಾಲುದಾರಿಗಳು. ಜನ ಇಲ್ಲಿಗೆ ನಡೆಯಲು, ಡೇರೆ ಹಾಕಿ ಮಲಗಲು ಬರುತ್ತಾರೆ. ಹೆಲೆನ್ ಹಕ್ಕಿ ನೋಡಲು ಬರುತ್ತಿದ್ದಳು. ದುರ್ಬೀನಿನಿಂದ ಕಣ್ಣು ತೆಗೆಯದೆ ನನಗಾಗಿ ತಡಕಾಡುತ್ತಾ ಒಮ್ಮೆ ಬಂಡೆಯ ಮೇಲೆ ಕೆಡವಿದಳು. ಸೊಂಟದ ಈ ತಗ್ಗು ಆಗಿನದು. ಅವಳ ಮಂಡಿ ಸೋತಾಗ ನನ್ನನ್ನು ಉದ್ಯಾನದ ಬಾಗಿಲ ಕಚೇರಿಗೆ ಕೊಟ್ಟುಬಿಟ್ಟಳು.

ಅಲ್ಲಿ ಒಂದು ಕಪಾಟು. ಸಾಕಷ್ಟು ನೀರು ತಾರದವರಿಗೆ ನಮ್ಮನ್ನು ಎರವಲು ಕೊಡುತ್ತಿದ್ದರು. ಮೇಜಿನ ಹಿಂದೆ ಕೂರುವ ವಿಲ್ಮಾ ಎಲ್ಲರಿಗೂ ಹೇಳುವುದು ಒಂದೇ ಮಾತು: ಅರ್ಧ ನೀರು ಮುಗಿದ ಕೂಡಲೇ ಹಿಂತಿರುಗಿ. ಜನ ತಲೆಯಾಡಿಸುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ಎಂದು ನಾನು ಅವರ ಬೆನ್ನು ನೋಡುತ್ತಾ ಉಳಿಯುತ್ತಿದ್ದೆ.

ಒಂದು ಮೇ ತಿಂಗಳ ಬೆಳಿಗ್ಗೆ ಅಕ್ಕತಂಗಿಯರು ಬಂದರು. ತಂಗಿ ಇಂದುಮತಿ ಹತ್ತಿರದ ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅಕ್ಕ ಪಂಕಜಾಕ್ಷಿ ಚಳ್ಳಕೆರೆಯಿಂದ ತಂಗಿಯನ್ನು ನೋಡಲು ಬಂದವಳು. ಇಂದುಮತಿಯ ಕೈಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಬಾಟಲಿ ನೋಡಿ ವಿಲ್ಮಾ ನನ್ನನ್ನು ತುಂಬಿಸಿ ಕೊಟ್ಟಳು. ಪಂಕಜಾಕ್ಷಿ ನನ್ನನ್ನು ಹೆಗಲಿಗೆ ಹಾಕಿಕೊಂಡಳು.

"ಚಳ್ಳಕೆರೆ ಬಿಸಿಲು ಕಂಡವಳಿಗೆ ಇದ್ಯಾವ ಲೆಕ್ಕ ಕಣೇ? ಇಲ್ಲಿ ಬೆವರೇ ಬರಲ್ಲ," ಎಂದಳು.

ನನಗೆ ಇರುಸುಮುರುಸಾಯಿತು. ಬೆವರು ಬರುತ್ತದೆ. ಕಾಣುವ ಮೊದಲೇ ಗಾಳಿ ಅದನ್ನು ಕುಡಿದುಬಿಡುತ್ತದೆ.

ಮೊದಮೊದಲು ನಗುವೇ ನಗು. ತೋಳೆತ್ತಿ ನಿಂತ ಕಳ್ಳಿಯನ್ನು ತೋರಿಸಿ ಪಂಕಜಾಕ್ಷಿ, ಹೆಲ್ಮೆಟ್ ಇಲ್ಲದೆ ಪೊಲೀಸರಿಗೆ ಸಿಕ್ಕ ನಿನ್ನ ಭಾವನ ಹಾಗೇ ಇದೆ ನೋಡು ಎಂದಳು. ತಮ್ಮ ಅಮ್ಮನ ಮಾತೂ ಬಂತು. ಮೈಲಿ ದೂರದಿಂದ ನೀರು ಹೊತ್ತು ತರುತ್ತಿದ್ದ ಅಮ್ಮ, ಮನೆ ಬಾಗಿಲು ಕಾಣುವ ತನಕ ದಾರಿಯ ನೀರು ಮುಗಿಸಬಾರದು ಎಂದು ಮಕ್ಕಳಿಗೆ ಕಲಿಸಿದ್ದಳಂತೆ.

ಹಿಂತಿರುಗುವಾಗ ದಾರಿ ತಪ್ಪಿತು. ಒಣಹಳ್ಳದ ಮರಳು ಕಾಲುದಾರಿಯಂತೆಯೇ ಕಂಡು ಇಬ್ಬರೂ ಅದರಲ್ಲೇ ಬಹಳ ದೂರ ಹೋದರು. ತಪ್ಪು ತಿಳಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ, ಪ್ಲಾಸ್ಟಿಕ್ ಬಾಟಲಿ ಖಾಲಿಯಾಗಿತ್ತು. ಉಳಿದವನು ನಾನೊಬ್ಬನೇ. ಬಂದ ಹಾದಿಯಲ್ಲೇ ಮರಳತೊಡಗಿದರು. ನಿಂತಾಗಲೆಲ್ಲ ಪಂಕಜಾಕ್ಷಿ ಮೊದಲು ತಂಗಿಗೆ ಕುಡಿಸಿದಳು. ಆಮೇಲೆ ನನ್ನನ್ನು ಬಾಯಿಯ ಮೇಲೆ ಎತ್ತಿ ಹಿಡಿದಳು, ತುಟಿ ತಾಗಿಸದೆ, ಹಳೆಯ ಅಭ್ಯಾಸದಂತೆ. ಕುಡಿದಂತೆ ಗಂಟಲು ಆಡಿತು. ಆದರೆ ನನ್ನಿಂದ ಒಂದು ಹನಿಯೂ ಇಳಿಯಲಿಲ್ಲ.

ಇಂದುಮತಿ ದಾರಿ ಹುಡುಕುತ್ತಾ ಮುಂದೆ ನೋಡುತ್ತಿದ್ದಳು. ನನಗೆ ಮಾತ್ರ ಗೊತ್ತಿತ್ತು. ಕೂಗಲು ನನಗೆಲ್ಲಿಯ ಬಾಯಿ? ಪ್ರತಿ ಹೆಜ್ಜೆಗೂ ಒಳಗಿನ ನೀರು ಗೋಡೆಗೆ ಬಡಿಯುತ್ತಿತ್ತು.

ಪಂಕಜಾಕ್ಷಿಯ ಮಾತು ನಿಂತಿತು. ಆಮೇಲೆ ಹೆಜ್ಜೆ ಅಡ್ಡಾದಿಡ್ಡಿಯಾಯಿತು. ಒಂದು ಮುಳ್ಳುಮರದ ತೆಳು ನೆರಳಿನಲ್ಲಿ ಕುಸಿದು ಕುಳಿತಳು. ಇಂದುಮತಿ ಓಡಿಬಂದು ಅವಳ ಹೆಗಲಿನಿಂದ ನನ್ನನ್ನು ಬಿಡಿಸಿಕೊಂಡಳು. ಕೈಗೆ ತೂಕ ತಿಳಿಯಿತು.

"ಅಕ್ಕ, ನೀನು ಕುಡಿದೇ ಇಲ್ಲ."

"ಇನ್ನೂ ದಾರಿ ಇದೆ, ನಿನಗೆ ಬೇಕಾಗತ್ತೆ. ನನಗೆ ಬಾಯಾರಿಕೇನೇ ಇಲ್ಲ ಕಣೇ." ನಾಲಿಗೆ ತೊದಲುತ್ತಿತ್ತು.

ಇಂದುಮತಿ ಬೇಡಿಕೊಂಡಳು, ಬೈದಳು. ಅಕ್ಕ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಆಗ ತಂಗಿ ಮುಚ್ಚಳ ತೆಗೆದು ನನ್ನನ್ನು ಮರಳಿನ ಮೇಲೆ ಬಗ್ಗಿಸಿದಳು. ನೀರು ಸಣ್ಣ ಧಾರೆಯಾಗಿ ಬಿತ್ತು. ಮರಳು ಸದ್ದಿಲ್ಲದೆ ನುಂಗಿತು. ಅಷ್ಟು ಭಯ ನನಗೆ ಎಂದೂ ಆಗಿರಲಿಲ್ಲ.

"ನೀರು ಚೆಲ್ತಾರೇನೇ? ಬೇಡ್ವೇ..."

"ನೀನು ಕುಡಿಯೋವರೆಗೂ ಚೆಲ್ತೀನಿ. ಅಮ್ಮನೇ ಎದ್ದು ಬಂದ್ರೂ ನಿಲ್ಸಲ್ಲ."

ಪಂಕಜಾಕ್ಷಿ ಎರಡೂ ಕೈಯಿಂದ ನನ್ನನ್ನು ಕಿತ್ತುಕೊಂಡಳು. ಈ ಸಲ ತುಟಿ ನನ್ನ ಅಂಚಿಗೆ ಒತ್ತಿತು. ಕುಡಿದಳು, ಉಸಿರು ತೆಗೆದುಕೊಂಡಳು, ಮತ್ತೆ ಕುಡಿದಳು.

ನಾನು ಕಪಾಟಿಗೆ ಮರಳದೇ ಇದ್ದುದನ್ನು ಗಮನಿಸಿ ವಿಲ್ಮಾ ಕಳಿಸಿದ್ದ ಜೀಪು ಅವರನ್ನು ತಲುಪಿದಾಗ ಪಂಕಜಾಕ್ಷಿ ನೆಟ್ಟಗೆ ಕುಳಿತಿದ್ದಳು. ದಾರಿಯುದ್ದಕ್ಕೂ, ಒಂದು ಚೊಂಬು ನೀರು ಮಣ್ಣುಪಾಲು ಮಾಡಿದೆಯಲ್ಲ ಎಂದು ಗೊಣಗಿದಳು. ಇಂದುಮತಿ ಅಕ್ಕನ ಮಣಿಕಟ್ಟು ಹಿಡಿದುಕೊಂಡೇ ಇದ್ದಳು.

ಈಗ ನನ್ನ ಮುಚ್ಚಳದ ಸುತ್ತು ಸವೆದಿದೆ, ನೀರು ಜಿನುಗುತ್ತದೆ. ವಿಲ್ಮಾ ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ವಿಶ್ರಾಂತಿ ಎನ್ನುತ್ತಾರೆ ಇದನ್ನು. ಪ್ರೀತಿಯಿಂದ ಎತ್ತಿಟ್ಟ ನೀರೂ ಕೊಲ್ಲಬಲ್ಲದೆಂದು ತಿಳಿದವನಿಗೆ ಎಲ್ಲಿಯ ವಿಶ್ರಾಂತಿ? ಕಾಲುದಾರಿಯಲ್ಲಿ ಹಿಂತಿರುಗಿ ಬರುವವರ ಮುಖವನ್ನು ನಾನು ನೋಡುವುದಿಲ್ಲ, ಅವರ ಬಾಟಲಿ ನೋಡುತ್ತೇನೆ. ಹಗುರಾಗಿದ್ದರೆ ಹೆಜ್ಜೆಗೆ ತಕ್ಕಂತೆ ಕುಣಿಯುತ್ತದೆ. ತುಂಬಿದ್ದರೆ ಸೊಂಟಕ್ಕೆ ಅಂಟಿಕೊಂಡು ಭಾರವಾಗಿ ತೂಗುತ್ತದೆ.

ಹೊತ್ತು ಇಳಿಯುತ್ತಿದೆ. ಗಾಡಿ ನಿಲ್ಲಿಸುವ ಬಯಲಿನಲ್ಲಿ ಒಂದು ಬಿಳಿ ಕಾರು ಇನ್ನೂ ನಿಂತಿದೆ. ದೂರದ ತಿರುವಿನಲ್ಲಿ ಇಬ್ಬರು ಕಾಣಿಸಿಕೊಂಡಿದ್ದಾರೆ, ಒಬ್ಬರು ಹಿಂದೆ ಬಿದ್ದಿದ್ದಾರೆ. ಹಿಂದೆ ಬಿದ್ದವರ ಸೊಂಟದಲ್ಲಿ ಏನೋ ಹೊಳೆಯುತ್ತಿದೆ. ಕುಣಿಯುತ್ತಿದೆಯೋ ತೂಗುತ್ತಿದೆಯೋ, ಇಲ್ಲಿಂದ ಇನ್ನೂ ತಿಳಿಯುತ್ತಿಲ್ಲ.