ಮೊದಲ ಆರ್ಡರಿನ ಕತೆ

ಅಪ್ಪನ ಅಂಗಿಯ ಗುಂಡಿ ಹಾಕುತ್ತಿರುವಾಗಲೇ ಮಗಳ ಫೋನ್ ಬಡಿದುಕೊಂಡಿತು. ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅವಳು ಮುಂದಿನ ಗುಂಡಿಗೆ ಕೈ ಹಾಕಿದಳು.

"ಮೇಡಂ, ಜನ ಕೇಳ್ತಿದಾರೆ," ಎಂದ ಶೆಡ್ಡಿನ ಮೇಸ್ತ್ರಿ. ಅವನ ದನಿಯ ಹಿಂದೆ ಹೊಲಿಗೆ ಯಂತ್ರಗಳ ಮೊರೆತ. "ಯಜಮಾನ್ರ ಮುಖ ನೋಡ್ಕೊಂಡು ಬರ್ತೀವಿ, ಒಂದು ಗಂಟೆ ಬಿಡಿ ಅಂತ."

"ಲಾರಿ ಸಂಜೆಗೆ ಬರುತ್ತಲ್ಲ. ಮಾಲು ರೆಡಿ ಇದೆಯಾ?"

"ಇನ್ನೂ ಅರ್ಧ ಉಳಿದಿದೆ."

"ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀರಿ? ಬರೋರು ಬರ್ಲಿ, ಅರ್ಧ ದಿನದ ಕೂಲಿ ಹಿಡೀತೀವಿ ಅಂತ ಹೇಳಿ."

ಗೋಡೆಗೆ ಒರಗಿ ಕೂತಿದ್ದ ಸೋದರಮಾವ ತಲೆಯೆತ್ತಿದ. "ಹೆಣದ ಪಕ್ಕ ಕೂತು ಆಡೋ ಮಾತೇನೇ ಇದು?"

"ಮಾವ, ಈಗಾಗಲೇ ಎರಡು ಸಲ ಮಾಲು ತಡವಾಗಿದೆ. ಇದೂ ತಪ್ಪಿದ್ರೆ ಶೆಡ್ಡಿಗೆ ಬೀಗ. ಅಪ್ಪ ಇದ್ದಿದ್ರೂ ಇದನ್ನೇ ಹೇಳ್ತಿದ್ರು."

"ಅದೇನೋ ನಿಜ. ಭಾವ ನನ್ನ ಮದುವೆಗೇ ಬರ್ಲಿಲ್ಲ. ಜಿಪ್ ಇನ್ನೂ ಬಂದಿಲ್ಲ, ಹೊರಡೋಕಾಗಲ್ಲ ಅಂತ ಫೋನ್ ಮಾಡಿದ್ರು. ಚೀಲದ ಜಿಪ್ಪೋ ಪ್ಯಾಂಟಿನ ಜಿಪ್ಪೋ ಅಂತ ಮದುವೆಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು."

ಇವತ್ತು ಯಾರೂ ನಗಲಿಲ್ಲ.

ಅಷ್ಟರಲ್ಲಿ ಮೊದಲಕ್ಕ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಎರಡೇ ಯಂತ್ರ ಇಟ್ಟುಕೊಂಡು ಯಜಮಾನ ಶಾಲೆಯ ಚೀಲ ಹೊಲಿಸಲು ಶುರು ಮಾಡಿದಾಗ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಸೇರಿದವಳು. ಹಾಗಾಗಿ ಎಲ್ಲರ ಬಾಯಲ್ಲೂ ಮೊದಲಕ್ಕ. ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದಳು. ಸತ್ತವನ ಮುಖದ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಸುತ್ತ ಇದ್ದ ನಾಲ್ಕಾರು ಜನರನ್ನು ನೋಡಿದಳು.

"ಶೆಡ್ಡಿಂದ ಯಾರೂ ಬಂದಿಲ್ವಾ ಮಗಳೇ?"

"ಆರ್ಡರ್ ಇದೆ, ಮೊದಲಕ್ಕ."

"ಒಂದು ಗಂಟೆ ಬಿಡಮ್ಮ. ಅವರ ಕೈಯಿಂದ ಅನ್ನ ಉಂಡ ಜನ."

"ನೀವೇ ಹೀಗಂದ್ರೆ ಹೇಗೆ? ನಿಮ್ಮಮ್ಮ ಹೋದ ದಿನ ನೀವು ಎದ್ದು ಹೋದ್ರಾ? ನಿಂತು ಕೆಲಸ ಮುಗಿಸಲಿಲ್ವಾ? ಅಪ್ಪ ಎಷ್ಟು ಸಲ ಹೇಳಿದಾರೆ."

*

ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ನಾಲ್ಕು ಮಾತು ಹೇಳಿ ಎಂದು ಯಜಮಾನನನ್ನು ಆಗಾಗ ಕರೆಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊದಲಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ.

"ಸಾಲ ಸಿಗುತ್ತೆ, ಮಷಿನ್ ಸಿಗುತ್ತೆ, ಮನುಷ್ಯರು ಸಿಗೋದೇ ಕಷ್ಟ," ಎನ್ನುತ್ತಿದ್ದ ಮೈಕಿನಲ್ಲಿ. "ನಮ್ಮ ಮೊದಲ ಆರ್ಡರ್ ಹೊಲೀತಿದ್ದಾಗ ಇವರ ತಾಯಿ ತೀರಿಕೊಂಡ್ರು. ಹೋಗಮ್ಮ ಅಂದೆ. ಹೋಗಲ್ಲ, ಮುಗಿಸೇ ಏಳ್ತೀನಿ ಅಂದ್ರು. ಕಂಪನಿ ಬೆಳೆಯೋದು ಇಂಥವರಿಂದ. ಸ್ವಲ್ಪ ಎದ್ದು ನಿಲ್ಲಿ, ಮೊದಲಕ್ಕ!"

ಅವಳು ಎದ್ದು ನಿಲ್ಲುತ್ತಿದ್ದಳು. ಇಡೀ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಹೇಳಿ ಹೇಳಿ ಅವನಿಗೂ ಅದು ಹಾಗೇ ನಡೆದದ್ದು ಅನ್ನಿಸಿಬಿಟ್ಟಿತ್ತು.

*

ಆ ಮೊದಲ ಆರ್ಡರಿನ ಕಾಲಕ್ಕೆ ಯಜಮಾನನ ಮನೆಯ ಮೆಟ್ಟಿಲ ಕೆಳಗಿನ ಜಾಗದಲ್ಲೇ ಅವರ ಕೆಲಸ. ಮೊದಲಕ್ಕನ ಪಕ್ಕದ ಮನೆಯವರು ಬಂದು ತಾಯಿಯ ಸುದ್ದಿ ಹೇಳಿದಾಗ ಅವಳ ಕಾಲು ಪೆಡಲಿನ ಮೇಲೆ ತಾನಾಗಿ ನಿಂತಿತು. ಏಳುವಷ್ಟರಲ್ಲಿ ಅವನು ಮುಂಗೈ ಹಿಡಿದುಕೊಂಡ. ಗದರಲಿಲ್ಲ. ಗದರಿದ್ದರೆ ಕಿತ್ತುಕೊಂಡು ಹೋಗುತ್ತಿದ್ದಳೇನೋ.

"ನಾಳೆ ಶಾಲೆ ತೆರೆಯುತ್ತೆ ಅಕ್ಕ. ಮಾಲು ಹೋಗದಿದ್ರೆ ನಾನು ಬೀದಿಗೆ ಬೀಳ್ತೀನಿ, ನಿಮ್ಮ ಕೆಲಸಾನೂ ಹೋಗುತ್ತೆ. ಇವತ್ತೊಂದು ದಿನ. ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಕೂತಳು. ಕಣ್ಣೀರಿಗೆ ಸೂಜಿಯ ಕಣ್ಣು ಕಾಣದಾದಾಗ ಅವನೇ ಪಕ್ಕದಲ್ಲಿ ಮಂಡಿಯೂರಿ ದಾರ ಪೋಣಿಸಿಕೊಟ್ಟ. ಪ್ರತಿ ಸಲ ದಾರ ತುಂಡಾದಾಗಲೂ ಪೋಣಿಸಿಕೊಟ್ಟ. ಅವಳು ಮನೆ ಮುಟ್ಟಿದಾಗ ತಾಯಿ ಮಲಗಿದ್ದ ಜಾಗ ತೊಳೆದು ಒಣಗಿಯೂ ಆಗಿತ್ತು.

*

"ನಾನು ನಿಲ್ಲಲಿಲ್ಲ ಮಗಳೇ," ಎಂದಳು ಮೊದಲಕ್ಕ. "ನಿಲ್ಲಿಸಿದ್ರು."

ಮಗಳ ಕೈ ಅಪ್ಪನ ಕಾಲರಿನ ಮೇಲೆ ಹಾಗೇ ಉಳಿಯಿತು.

"ಕೈ ಹಿಡ್ಕೊಂಡ್ರು ನಿಮ್ಮಪ್ಪ. ಬಿಡಿಸ್ಕೊಳ್ಳೋಕೆ ನಂಗೆ ಆಗಲಿಲ್ಲ. ಅಮ್ಮನ ಮುಖ ನೋಡಲಿಲ್ಲ ನಾನು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಎಲ್ಲರೂ ಚಪ್ಪಾಳೆ ಹೊಡೀತಿದ್ರಲ್ಲ."

ಸೋದರಮಾವ ಎದ್ದು ಹೊರಗೆ ಹೋದ. ಮಗಳು ಕಾಲರಿನ ಗುಂಡಿ ಹಾಕಿ ಮುಗಿಸಿದಳು. ಮೇಸ್ತ್ರಿಗೆ ಫೋನ್ ಮಾತ್ರ ಮಾಡಲಿಲ್ಲ.

ವ್ಯಾನ್ ಬಂತು. ಹೆಣವನ್ನು ಏರಿಸಿದರು. ಮೊದಲಕ್ಕ ಅದರ ತಲೆಯ ಹತ್ತಿರ ಕೂತಳು, ಮಗಳು ಚಾಲಕನ ಪಕ್ಕ. ದೊಡ್ಡ ರಸ್ತೆಯ ತಿರುವಿನಲ್ಲಿ ಮಗಳು ಇದ್ದಕ್ಕಿದ್ದಂತೆ, "ಎಡಕ್ಕೆ ತಗೊಳ್ಳಿ," ಎಂದಳು. "ನಮ್ಮ ಶೆಡ್ ಇದೆ. ಎರಡು ನಿಮಿಷ ಸಾಕು."

ಓಣಿ ಇಕ್ಕಟ್ಟು. ಚಾಲಕ ವ್ಯಾನನ್ನು ಶೆಡ್ಡಿನ ಬಾಗಿಲಿಗೇ ತಾಗಿಸಿ ನಿಲ್ಲಿಸಿದ. ಮಗಳು ಇಳಿದು, ಪಕ್ಕದಲ್ಲಿ ನುಸುಳಿ ಒಳಗೆ ಹೋದಳು. ಮೇಸ್ತ್ರಿ ಅಲ್ಲಿರಲಿಲ್ಲ. ಸಾಲು ಸಾಲು ಬಗ್ಗಿದ ತಲೆಗಳು.

"ನಿಲ್ಲಿಸಿ!" ಎಂದು ಕೂಗಿದಳು. ಆ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಕೂಗಿದಳು. ಯಾರೂ ತಲೆಯೆತ್ತಲಿಲ್ಲ. ಮೂಲೆಗೆ ಹೋಗಿ ಮೇನ್ ಸ್ವಿಚ್ ಎಳೆದಳು.

ಯಂತ್ರಗಳು ನಿಂತವು. ಕಿಟಕಿಯಿಲ್ಲದ ಶೆಡ್ಡಿನ ದೀಪಗಳೂ ಆರಿದವು.

"ಹೋಯ್ತು ನೋಡು ಕರೆಂಟು," ಎಂದಿತು ಕತ್ತಲಲ್ಲಿ ಒಂದು ದನಿ.

"ಇವತ್ತೇ ಹೋಗ್ಬೇಕಾ? ಇನ್ನು ಸಂಜೆ ಮೇಡಂ ಬೈಗುಳ ಬೇರೆ."

ಯಾರೋ ಬೆರಳ ನೆಟಿಕೆ ಮುರಿದರು. ಯಾರೋ ಅರ್ಧ ಹೊಲಿದ ಚೀಲದ ಮೇಲೆ ತಲೆಯಿಟ್ಟರು. ಕೈಗಳನ್ನು ಬಟ್ಟೆಯ ಮೇಲೇ ಇಟ್ಟುಕೊಂಡು ಎಲ್ಲರೂ ಕಾದರು. ಅಪ್ಪ ಬಂದಿದಾರೆ ಎಂದು ಹೇಳಬೇಕಿತ್ತು ಮಗಳಿಗೆ. ಬಾಯಿ ತೆರೆದಳು.

"ಯಾರ್ರೀ ಅದು ಬಾಗಿಲಿಗೇ ಗಾಡಿ ಅಡ್ಡ ನಿಲ್ಲಿಸಿರೋದು?" ಎಂದು ಅಷ್ಟರಲ್ಲಿ ಒಬ್ಬ ಹೆಂಗಸು ಕೂತಲ್ಲಿಂದಲೇ ಕೂಗಿದಳು. "ಸ್ವಲ್ಪ ಮುಂದಕ್ಕೆ ತಗೊಳ್ಳಿ, ಬೆಳಕಾದ್ರೂ ಬರ್ಲಿ."

ಚಾಲಕನಿಗೆ ಕೇಳಿಸಿತು. ವ್ಯಾನ್ ಮೆಲ್ಲಗೆ ಮುಂದಕ್ಕೆ ಸರಿಯಿತು. ಹೊಲಿಗೆ ಮೇಜುಗಳ ಮೇಲೆ, ಪುಟ್ಟ ಪುಟ್ಟ ಚೀಲಗಳ ಮೇಲೆ ಬಿಸಿಲು ಬಿತ್ತು.