ದೋಣಿಯವಳ ಹೊಸ ಸೊಂಟ

ಮೇಣ ಸೀಯುವ ವಾಸನೆ, ಉರಿ ಜಾಸ್ತಿಯಾಯಿತು, ತಗ್ಗಿಸು ತಗ್ಗಿಸು — ಅವಳ ಕೈ ತಾನಾಗಿಯೇ ಬರ್ನರಿನ ತಿರುಪು ತಿರುಗಿಸಿತು, ಗುಲಾಬಿ ಮೇಣದ ವಸಡಿನ ಮೇಲೆ ಮುಂದಿನ ಹಲ್ಲುಗಳು ಸಾಲಾಗಿ ನಿಂತು ಅವಳತ್ತ ನಕ್ಕವು, ಬಾಯಿಯಿಲ್ಲದ ನಗು, ಯಾರದೋ ತಾತನ ನಗು, ಇನ್ನೂ ತಾತನನ್ನು ಹೋಗಿ ಸೇರದ ನಗು, ಈ ಹಲ್ಲಿನ ಲ್ಯಾಬಿನ ಕಿಟಕಿ ಪಕ್ಕ ಕುಳಿತು ಇಂಥ ನಗುಗಳನ್ನು ಎಷ್ಟು ಜೋಡಿಸಿದ್ದಾಳೋ ಲೆಕ್ಕವಿಲ್ಲ, ಆದರೆ ಈವತ್ತು ಬೆಳಿಗ್ಗೆ ಟೀವಿಯಲ್ಲಿ ಕಂಡ ಆ ನಗು, ಛೆ, ಅದನ್ನು ಕೂರಿಸಿದವನ ಕೈ ಸೇದಿಹೋಗ, ಬೇಡ, ಪಾಪ, ಅವನಿಗೂ ಹೆಂಡತಿ ಮಕ್ಕಳಿರುತ್ತಾರೆ, ಒಂದು ವಾರ ತುರಿಕೆಯಾದರೆ ಸಾಕು. ದೋಣಿಯವಳ ನಗು ಹಾಗಿರಲಿಲ್ಲ. ಇವಳೂ ಅತ್ತೆಯೂ ಜೋಡಿಯಾಗಿ ಆಡುವ ಆನ್‌ಲೈನ್ ಹೊಡೆದಾಟದ ಆಟದಲ್ಲಿ ದೋಣಿಯವಳೆಂದರೆ ಅತ್ತೆಯ ಪಾತ್ರ, ಪೀಪಾಯಿಯಂಥ ಮೈ, ಕೈಯಲ್ಲಿ ಆಳೆತ್ತರದ ಹುಟ್ಟು, ಮುಂದಿನ ಎರಡು ಹಲ್ಲಿನ ನಡುವೆ ಕಿರುಬೆರಳು ತೂರುವಷ್ಟು ಸಂದು, ಬಲಗಾಲು ಕುಂಟು, ನಡೆದರೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ಉಸಿರು ತೆಗೆದುಕೊಳ್ಳುವಷ್ಟು ತಡೆ, ಆ ತಡೆಯಲ್ಲಿ ಹುಟ್ಟು ಬೀಸಿದರೆ ಎದುರಿನವನು ಹೊಳೆಗೆ ಬೀಳಬೇಕು, ಬಿದ್ದೇ ಬೀಳುತ್ತಿದ್ದ. ಈಗ? ನಿನ್ನೆ ಕಂಪನಿಯವರು ಆಟವನ್ನು ಹೊಸದು ಮಾಡಿದರು, ಬೆಳಿಗ್ಗೆ ಹಾಕಿ ನೋಡಿದರೆ ಹಿಡಿಯಲ್ಲಿ ಹಿಡಿಯಬಹುದಾದ ಸೊಂಟ, ಗಾಳಿಯಿಲ್ಲದೆಯೂ ಹಾರುವ ಕೂದಲು, ಮುತ್ತು ಪೋಣಿಸಿದ ಹಾಗೆ ಹಲ್ಲು, ಮುತ್ತಂತೆ, ಬೆಳ್ಳಗೆ ಬೆಳ್ಳಗೆ, ಬಣ್ಣ ಹೊಂದುತ್ತದೋ ಎಂದು ಶೇಡ್ ಕೂಡ ನೋಡದೆ ಡಬ್ಬದಿಂದ ತೆಗೆದು ಅಂಟಿಸಿದ ಹಲ್ಲು. ಅತ್ತೆ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಇವಳ್ಯಾರೇ. ಅವಳೇ ಅತ್ತೆ, ನಮ್ಮ ದೋಣಿಯವಳೇ, ಹೊಸದಾಗಿ ಮಾಡಿದಾರಂತೆ. ಅತ್ತೆ ಪರದೆಯತ್ತ ಬಗ್ಗಿ ನೋಡಿ, ನಂಗೂ ಹೋದ ವರ್ಷ ಹೊಸ ಸೊಂಟ ಹಾಕಿದ್ರಲ್ಲ, ನಾನೇನು ಹಿಂಗಾದ್ನಾ, ಎಂದರು, ಅವಳಿಗೆ ನಗು ಬಂತು, ಅತ್ತೆ ನಗಲಿಲ್ಲ.

ನಗಲಿಲ್ಲ, ಅದೇ ಈಗ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಬಿಡದೆ ಕಾಡುತ್ತಿರುವುದು, ಮೇಣದ ಮೇಲೆ ಕೋರೆಹಲ್ಲು ಒತ್ತುತ್ತ ಒತ್ತುತ್ತ ಅದು ಸ್ವಲ್ಪ ಒಳಗೆ ಹೋಯಿತು, ತೆಗೆ, ಮತ್ತೆ ಕೂರಿಸು. ಯಾಕೆಂದರೆ ಅತ್ತೆ ನಗದಿದ್ದ ಕಾಲವನ್ನು ಅವಳು ನೋಡಿದ್ದಾಳೆ, ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದ ಹೆಂಗಸು, ಒಂದು ಸಲ ಕೂಗಿದರೆ ಮೈದಾನದ ಆ ತುದಿಯ ಮಕ್ಕಳ ಕಾಲು ತಾವಾಗಿಯೇ ಜೋಡಿಯಾಗುತ್ತಿದ್ದವಂತೆ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಬದಲಾಯಿಸಿಕೊಂಡು ಮನೆಗೆ ಬಂದಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು, ಊಟ ಅಂದರೆ ಊಟ, ನಿದ್ದೆ ಅಂದರೆ ನಿದ್ದೆ, ಮಗ, ಇವಳ ಗಂಡ, ರೈಲು ಓಡಿಸುವವನು, ಮನೆಗಿಂತ ಹಳಿಯ ಮೇಲೇ ಹೆಚ್ಚು ಇರುವವನು, ಬಂದಾಗ ಅಮ್ಮಾ ಎಂದರೆ ಹೂಂ ಎನ್ನುವರು, ಅಷ್ಟೇ, ಗೋಡೆಯಲ್ಲಿ ಏನಿತ್ತು, ಸುಣ್ಣ ಇತ್ತು. ಆ ದಿನಗಳಲ್ಲಿ ಅವಳು ತಲೆ ಹಗುರವಾಗಲೆಂದು ಈ ಆಟ ಆಡುತ್ತಿದ್ದಳು, ಬಲೆಗಾರನ ಪಾತ್ರ, ಬಲೆ ಬೀಸಿ ಎಳೆಯುವವನು, ಒಂದು ಭಾನುವಾರ ಜೊತೆಗಾತಿ ಕೈಕೊಟ್ಟಳು, ಇನ್ನೊಬ್ಬರಿಲ್ಲದೆ ಆಟ ಶುರುವಾಗದು, ಅತ್ತೆ ಇದನ್ನ ಒಂಚೂರು ಹಿಡ್ಕೊಳ್ಳಿ, ಏನೂ ಮಾಡ್ಬೇಡಿ, ಸುಮ್ನೆ ನಿಂತಿದ್ರೆ ಸಾಕು, ಎಂದು ಇನ್ನೊಂದು ಕಂಟ್ರೋಲರ್ ಮಡಿಲಲ್ಲಿ ಇಟ್ಟಳು. ಪರದೆಯ ಮೇಲೆ ಪಾತ್ರಗಳು ಒಂದೊಂದಾಗಿ ಮೆರವಣಿಗೆ ಹೊರಟಿದ್ದವು, ಕಮ್ಮಾರ, ಕಾವಲುಗಾರ, ಹಾವಾಡಿಸುವವಳು, ಅತ್ತೆ ಕತ್ತು ತಿರುಗಿಸಿದರು, ಈ ಕುಂಟಿ ಯಾರು. ದೋಣಿ ನಡೆಸೋಳು ಅತ್ತೆ. ಇವಳನ್ನೇ ಕೊಡು. ಮೊದಲ ಆಟ ಪೂರ್ತಿ ಕಂಬಕ್ಕೆ ಹೊಡೆದರು, ಎರಡನೆಯದರಲ್ಲಿ ಸೊಸೆಯ ಬಲೆಗಾರನಿಗೇ ಹೊಡೆದರು, ಮನಸ್ಸಿನಲ್ಲಿ ಏನಿತ್ತೋ ದೇವರಿಗೇ ಗೊತ್ತು, ಮೂರನೆಯದರಲ್ಲಿ ಕಾಲಿನ ಲಯ ಸಿಕ್ಕಿಬಿಟ್ಟಿತು, ಎಡ, ಬಲ, ತಡಿ — ಎಡ, ಬಲ, ತಡಿ — ಡ್ರಿಲ್ ಮೈದಾನದ ಅದೇ ದನಿ, ಎಷ್ಟು ದಿನದ ಮೇಲೆ — ಹುಟ್ಟು ಬೀಸಿತು, ಯಾರೋ ಹೊಳೆಗೆ ಬಿದ್ದರು. ಬಿದ್ನಾ? ಬಿದ್ದ ಅತ್ತೆ. ಇನ್ನೊಂದ್ಸಲ ಹಾಕು. ಅಲ್ಲಿಂದ ಇಲ್ಲಿಯ ತನಕ ಇನ್ನೊಂದ್ಸಲ ಇನ್ನೊಂದ್ಸಲ ಅನ್ನುತ್ತಲೇ ಬಂದು, ಅತ್ತೆಸೊಸೆ ಎಂಬ ಹೆಸರಿಟ್ಟುಕೊಂಡು ಜೋಡಿಗಳ ಪಂದ್ಯಾವಳಿಗೆ ಸೇರಿ, ಹೆಸರು ಕೇಳಿ ನಕ್ಕವರನ್ನೆಲ್ಲ ಹೊಳೆಗೆ ಕೆಡವಿ, ಈಗ ಉಪಾಂತ್ಯ, ಈವತ್ತೇ ಸಂಜೆ, ಈವತ್ತೇ. ಪಾತ್ರ ಬದಲಿಸೋಣ ಎಂದರೆ ನಿಯಮ ಬಿಡದು, ಸೇರುವಾಗ ಯಾವ ಪಾತ್ರವೋ ಕೊನೆಯವರೆಗೂ ಅದೇ. ಬೆಳಿಗ್ಗೆ ಅತ್ತೆ ಹೊಸ ದೋಣಿಯವಳನ್ನು ನಡೆಸಿ ನೋಡಿದರು, ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋದಳು, ತಡೆಯೇ ಇಲ್ಲ, ಅತ್ತೆಯ ಹುಟ್ಟು ಗಾಳಿಗೆ, ಮತ್ತೆ ಗಾಳಿಗೆ, ಮತ್ತೆ. ಕಂಟ್ರೋಲರ್ ಮೇಜಿನ ಮೇಲಿಟ್ಟರು. ಬೇರೆ ಯಾರನ್ನಾದ್ರೂ ಜೋಡಿ ಮಾಡ್ಕೊ ಮಗಳೇ, ನಂಗೆ ಇವಳ ಗುರುತಿಲ್ಲ. ಕುರ್ಚಿಯನ್ನು ಸ್ವಲ್ಪ, ಸ್ವಲ್ಪವೇ, ಗೋಡೆಯ ಕಡೆ ತಿರುಗಿಸಿದರು.

ಅಕ್ಕಾ, ಇದೊಂದು ಚೂರು ನೋಡಿ ಎಂಬ ದನಿ, ಅವಳು ಬೆಚ್ಚಿದಳು, ಬಾಗಿಲಲ್ಲಿ ಒಬ್ಬರು ನಿಂತಿದ್ದಾರೆ, ಕೈಯಲ್ಲಿ ಅವಳೇ ಹೋದ ವಾರ ಮಾಡಿಕೊಟ್ಟ ಹಲ್ಲಿನ ಸೆಟ್, ಹಲ್ಲು ಡಾಕ್ಟರು ಕೆಳಗಿನ ಮಹಡಿಯಿಂದ ಮೇಲೆ ಕಳಿಸಿದ್ದಾರೆ, ಬಸ್ಸಿನ ಕಂಡಕ್ಟರಾಗಿದ್ದವರು. ಚುಚ್ಚುತ್ತಾ? ಇಲ್ಲ. ಸಡಿಲ ಆಗುತ್ತಾ? ಇಲ್ಲಕ್ಕಾ, ಭಾಳ ಚೆನ್ನಾಗಿದೆ, ಅದೇ ತೊಂದ್ರೆ, ಮನೇಲಿ ನಮ್ಮೋಳು ಯಾರ್ರೀ ನೀವು ಅಂತಾಳೆ, ಅದನ್ನಾದ್ರೂ ತಡ್ಕೋಬಹುದು, ಸಿಳ್ಳೆ ಬರ್ತಿಲ್ಲ, ಬಸ್ಸಲ್ಲಿ ಇದ್ದಷ್ಟು ದಿನ ನಾನು ಪೀಪಿ ಮುಟ್ಟಿದೋನಲ್ಲ, ಹಲ್ಲಿನ ಸಂದಿಯಿಂದ್ಲೇ ಹೊಡೀತಿದ್ದೆ, ಡ್ರೈವರಿಗೆ ಅದೇ ಗುರುತು. ಹಾಕಿಕೊಂಡು ಊದಿ ತೋರಿಸಿದರು, ಫೂ ಎಂದು ಬಿಸಿ ಚಹಾ ಆರಿಸಿದಂತಾಯಿತು, ಪಾಪ, ನಗಬಾರದು, ನಕ್ಕಳು, ಅವರೂ ನಕ್ಕರು. ಸಣ್ಣ ಚಕ್ರ ಹಾಕಿ ಎರಡು ಹಲ್ಲಿನ ನಡುವೆ ಕೂದಲೆಳೆಯಷ್ಟು ಉಜ್ಜಿದಳು, ಇನ್ನೊಂದಿಷ್ಟು, ಊದಿ, ಇಲ್ಲ, ಇನ್ನೂ ಒಂದಿಷ್ಟು, ಮಾಡಿದ ಕೆಲಸವನ್ನು ತಾನೇ ಕೆಡಿಸುವುದು ಎಷ್ಟು ಸುಖ — ಕೀಈಈ ಎಂದು ಹೊರಟಿತು ನೋಡಿ, ಗಾಜಿನ ಕಪಾಟು ಅದುರಿತು, ಕೆಳಗಿನಿಂದ ಡಾಕ್ಟರು ಏನ್ರೀ ಒಡೀತು ಎಂದು ಕೂಗಿದರು, ಕಂಡಕ್ಟರು ಮೆಟ್ಟಿಲಿಳಿಯುತ್ತ ರೈಟ್ ರೈಟ್ ಎಂದು ಅದುವರೆಗೂ ನಿಂತಿದ್ದ ಯಾವುದೋ ಬಸ್ಸನ್ನು ಕಳಿಸಿಕೊಟ್ಟರು. ಇಷ್ಟೇ ಕೆಲಸ, ಕೇಳಿದರು, ಉಜ್ಜಿದಳು, ಮುಗಿಯಿತು. ದೋಣಿಯವಳನ್ನು ಯಾರ ಬಾಗಿಲಿಗೆ ಹೊತ್ತುಕೊಂಡು ಹೋಗುವುದು? ಊಟದ ಡಬ್ಬಿ ತೆರೆದು ಫೋನು ನೋಡಿದರೆ ಆಟಗಾರರೆಲ್ಲ ಸೇರುವ ಪುಟದಲ್ಲಿ ಗಲಾಟೆಯೋ ಗಲಾಟೆ, ಕಮ್ಮಾರನ ಹೊಟ್ಟೆ ತೆಗೆದಿದ್ದಾರೆ, ಆ ಹೊಟ್ಟೆಯಿಂದಲೇ ಅಲ್ಲವೇ ಅವನು ಗುದ್ದುತ್ತಿದ್ದದ್ದು, ಕಾವಲುಗಾರನ ಬೋಳುತಲೆಗೆ ಕೂದಲು ನಾಟಿದ್ದಾರೆ, ಎಲ್ಲರದೂ ಒಂದೇ ಗಲ್ಲ ಒಂದೇ ಮೂಗು, ಒಂದೇ ಅಚ್ಚಿನಿಂದ ಎತ್ತಿದ ಮುಖಗಳು, ಅಚ್ಚಿನ ವಿಷಯ ಅವಳಿಗೆ ಯಾರೂ ಹೇಳಬೇಕಾಗಿಲ್ಲ. ಕಂಪನಿಯ ಉತ್ತರ ಮೇಲೆಯೇ ಇದೆ, ಪಾತ್ರಗಳಿಗೆ ಇನ್ನಷ್ಟು ಲವಲವಿಕೆ ತಂದಿದ್ದೇವೆ. ಯಾವನೋ ಒಬ್ಬ ಬರೆದಿದ್ದಾನೆ, ಗೊಂಬೆ ತಾನೇ, ಸುಮ್ನೆ ಆಡ್ರಪ್ಪ. ಗೊಂಬೆಯಂತೆ ಗೊಂಬೆ, ನಿಮ್ಮಮ್ಮ ಗೋಡೆ ನೋಡ್ಕೊಂಡು ಕೂತಿದ್ರೆ ಗೊತ್ತಾಗ್ತಿತ್ತು — ಎಂದು ಬರೆದಳು, ಅಳಿಸಿದಳು, ಕಂಪನಿಗೇ ಉದ್ದಕ್ಕೆ ಬರೆದಳು, ಕುಂಟು ಎಂದರೆ ಕುಂದಲ್ಲ ಸ್ವಾಮಿ, ಅದು ತಾಳ, ಅದನ್ನು ತೆಗೆದರೆ ನಮ್ಮ ಮನೆಯಲ್ಲಿ ಒಬ್ಬರ ಕೈಯೇ ಹೋದ ಹಾಗೆ, ಓದಿ ನೋಡಿದಳು, ಕಣ್ಣು ಒದ್ದೆಯಾಯಿತು, ತನ್ನ ಬರಹಕ್ಕೆ ತಾನೇ ಅಳುವುದೇ, ನಗುವೂ ಬಂತು, ಸಂಜೆ ಕಳಿಸೋಣ ಎಂದು ಫೋನು ಎತ್ತಿಟ್ಟಳು.

ಸಂಜೆಯಾಗೇ ಆಯಿತು, ಬೀದಿಯ ಬಿಸಿಲು ತೆಳ್ಳಗೆ, ಇಸ್ತ್ರಿ ಅಂಗಡಿಯ ಹಬೆ, ಯಾರದೋ ಸೈಕಲ್ಲಿನ ಗಂಟೆ, ಹೋಗಿ ಏನು ಹೇಳಲಿ, ಬರೀ ಆಟ ಅಲ್ವಾ ಬಿಡಿ ಅತ್ತೆ ಎನ್ನಲೇ, ಎಂದರೆ ಅವರು ಹೂಂ ಎಂದುಬಿಟ್ಟರೆ, ಆ ಹೂಂ ಬೇಡವೇ ಬೇಡ, ಬೇಕಾದರೆ ಜಗಳವಾಡಲಿ, ಪಾತ್ರೆ ಕುಕ್ಕಲಿ, ಮೆಟ್ಟಿಲು ಹತ್ತುತ್ತ ಹತ್ತುತ್ತ ಚಪ್ಪಲಿಯೇ ಭಾರ — ಆಗ ಕೇಳಿಸಿತು, ಬಾಗಿಲಿನಾಚೆಯಿಂದ, ಎಡ, ಬಲ, ತಡಿ. ನಿಂತಳು. ಎಡ, ಬಲ, ತಡಿ. ಬೀಗ ತೆಗೆದು ಒಳಗೆ ನುಗ್ಗಿದರೆ ಅತ್ತೆ ಟೀವಿಯ ಎದುರು, ಕೂದಲು ಕೆದರಿದೆ, ಪಕ್ಕದಲ್ಲಿ ಮುಟ್ಟದ ಊಟದ ತಟ್ಟೆ, ಪರದೆಯ ಮೇಲೆ ಹಿಡಿಸೊಂಟದ ಹೊಸ ದೋಣಿಯವಳು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಾಳೆ, ಕುಂಟುತ್ತಿದ್ದಾಳೆ. ಅತ್ತೆ, ಇದೇನು. ಶ್, ಬಾಗಿಲು ಹಾಕು. ಇವಳ ಮೇಲೆ ಸಿಟ್ಟು ಬಂತು ಕಣೇ, ಹೊಳೆಗೆ ಕೆಡವಿ ಮುಳುಗಿಸಿಬಿಡೋಣ ಅಂತ ಹಿಂದಕ್ಕೆ ನಡೆಸಿದೆ, ನೋಡ್ತೀನಿ, ಕುಂಟ್ತಿದಾಳೆ, ಮುಂದಿನ ನಡಿಗೆ ತಿದ್ದಿದಾರೆ, ಹಿಂದಿನದು ಮರ್ತಿದಾರೆ, ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ, ಇನ್ನು ಹುಟ್ಟು ಹಿಡಿದೋಳ ಗುಣ ಹೋಗುತ್ತಾ. ಹೇಳಿ ತಮ್ಮ ಮಾತಿಗೆ ತಾವೇ ನಕ್ಕರು, ನಕ್ಕರು, ಅವಳು ಚೀಲವನ್ನು ನೆಲಕ್ಕೆ ಹಾಕಿ ಅಲ್ಲೇ ಕೂತುಬಿಟ್ಟಳು. ಅತ್ತೆ, ನಾನು ಕಂಪನಿಗೆ ದೊಡ್ಡದಾಗಿ ಬರೆದಿದೀನಿ. ಕಳಿಸಿದ್ಯಾ? ಇನ್ನೂ ಇಲ್ಲ. ಅಳಿಸು, ಈಗ್ಲೇ ಅಳಿಸು, ಬರೆದ್ರೆ ಬಂದು ನೋಡ್ತಾರೆ, ನೋಡಿದ್ರೆ ಇದನ್ನೂ ಸರಿಮಾಡ್ತಾರೆ, ಕಪ್ ಗೆಲ್ಲೋ ತನಕ ಬಾಯಿಗೆ ಬೀಗ. ಬಯ್ಯಬೇಕೆಂದು ಮಧ್ಯಾಹ್ನವೆಲ್ಲ ಮಸೆದಿಟ್ಟುಕೊಂಡ ಮಾತುಗಳೆಲ್ಲ ಹೋದವು, ಅವಳಿಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಆರು ಗಂಟೆ, ಎದುರಿಗೆ ಗುಡುಗು ಮತ್ತು ಮಿಂಚು ಎಂಬ ಹೆಸರಿನ ಜೋಡಿ, ಆಡುತ್ತಲೇ ಆಚೆಯವರ ಜೊತೆ ಮಾತಾಡಬಹುದು, ದನಿ ಕೇಳಿದರೆ ಕಾಲೇಜಿನ ಹುಡುಗಿಯರು, ಗುಡುಗಿನದು ಕಮ್ಮಾರ, ಆ ಹುಡುಗಿಯೇ ಮೊದಲು ಗೊಣಗಿದಳು, ನೋಡಿ ಅಜ್ಜಿ, ನಮ್ಮೋನ ಹೊಟ್ಟೆ ಹೋಯ್ತು, ಈಗ ಒರಗ್ಸಿಟ್ಟ ಏಣಿ ಥರ ಇದಾನೆ. ನಮ್ಮೋಳನ್ನ ನೋಡಮ್ಮ, ಇವಳಿಗೆ ಊಟ ಹಾಕೋರೇ ಇಲ್ಲ, ಎಂದರು ಅತ್ತೆ, ಎರಡೂ ಕಡೆಯವರು ಕಂಪನಿಗೆ ಹಿಡಿ ಶಾಪ ಹಾಕಿ, ಆಟ ಶುರುವಾಗಿ, ಹೊಡೆದಾಟ. ಹಿಂದಕ್ಕೆ ನಡೆಯುವವಳಿಗೆ ಒಂದೇ ಕಷ್ಟ, ಹೊಡೆದಾಟ ನಡೆಯುವ ಹೊಳೆದಂಡೆಯ ಕಟ್ಟೆ ಮುಗಿದುಹೋಗುತ್ತದೆ, ಮುಗಿಯುವ ಮೊದಲು ಬಲೆಗಾರ ಬಲೆ ಬೀಸಿ ಅವಳನ್ನು ಪಕ್ಕಕ್ಕೆ ಎಳೆಯಬೇಕು, ಆಗ ಮತ್ತೆ ಉದ್ದಕ್ಕೆ ಜಾಗ, ಮತ್ತೆ ಹಿಂದಕ್ಕೆ, ಎಳಿ ಅಂದರೆ ಎಳೆದಳು, ಬಿಡು ಅಂದರೆ ಬಿಟ್ಟಳು, ಅಜ್ಜಿ ಯಾಕೆ ಹಿಂದೆ ಹೋಗ್ತಿದೀರಾ, ಹೆದರಿಕೆನಾ, ಬಾ ಮರಿ, ಇನ್ನೊಂಚೂರು ಹತ್ರ ಬಾ, ಎಡ, ಬಲ, ತಡಿ, ಏಣಿಯಂಥ ಕಮ್ಮಾರ ಹೊಳೆಗೆ, ಮೊದಲ ಸುತ್ತು ಅತ್ತೆಸೊಸೆಗೆ. ಮಿಂಚು ಬುದ್ಧಿವಂತೆ, ದೂರ ನಿಂತಳು, ಎರಡನೆಯ ಸುತ್ತು ಅವರಿಗೇ ಹೋಯಿತು. ಮೂರನೆಯದು. ಅವಳ ಅಂಗೈ ಬೆವತು ಕಂಟ್ರೋಲರ್ ಜಾರುತ್ತಿದೆ, ಬೆವರು ಒರೆಸಿಕೊಳ್ಳಲು ಬಗ್ಗಿದಾಗ ಮೇಜಿನ ಕೆಳಗೆ ಕಣ್ಣು ಹೋಯಿತು, ಅತ್ತೆಯ ಬಲಗಾಲು, ಆಪರೇಷನ್ ಆದ ಕಾಲು, ಮನೆಗೆ ಬಂದ ಅತಿಥಿಯ ಹಾಗೆ ಮುಟ್ಟದೆ ಅಲ್ಲಾಡಿಸದೆ ಇಷ್ಟು ದಿನ ಇಟ್ಟುಕೊಂಡಿದ್ದ ಕಾಲು, ನೀಲಿ ಚಪ್ಪಲಿಯ ತುದಿ ಏಳುತ್ತಿದೆ, ಬೀಳುತ್ತಿದೆ, ತಡೆಯುತ್ತಿದೆ. ಎಲ್ಲಿ ನೋಡ್ತಿದೀಯಾ, ಬಲೆ ಬಲೆ — ಬೀಸಿದಳು, ತಪ್ಪಿತು, ಮತ್ತೆ ಬೀಸಿದಳು, ಮಿಂಚು ಸಿಕ್ಕಿಕೊಂಡಳು, ಎಳೆದಳು, ಕಟ್ಟೆಯ ತುದಿ, ದೋಣಿಯವಳ ಹಿಮ್ಮಡಿ ನೀರಿನ ಮೇಲೆ, ಇನ್ನೊಂದು ಹೆಜ್ಜೆ ಇಟ್ಟರೆ ತಾನೇ ಬೀಳುತ್ತಾಳೆ, ನೀಲಿ ಚಪ್ಪಲಿ ಎದ್ದಿತು, ನಿಂತಿತು, ಹುಟ್ಟು ಬೀಸಿತು. ಬಿದ್ಲಾ? ಬಿದ್ಲು ಅತ್ತೆ. ಪರದೆಯ ತುಂಬ ಅತ್ತೆಸೊಸೆ ಎಂಬ ಅಕ್ಷರ, ಬಣ್ಣದ ಕಾಗದದ ಚೂರುಗಳು, ಹುಡುಗಿಯರು ಅಜ್ಜೀ ಸಕತ್ತಾಗಿತ್ತು, ಹೆಂಗ್ ಮಾಡಿದ್ರಿ ಹೇಳಿ ಎಂದು ಪೀಡಿಸುತ್ತಿದ್ದಾರೆ, ಹೇಳಲ್ಲ, ಫೈನಲ್ ಆದ್ಮೇಲೆ ಹೇಳ್ತೀನಿ, ಅತ್ತೆಯ ಕಂಟ್ರೋಲರ್ ಮಡಿಲಲ್ಲಿ, ತಣ್ಣಗಾದ ಊಟವನ್ನು ಎಳೆದುಕೊಂಡು ತುತ್ತು ಕಲಸುತ್ತಿದ್ದಾರೆ, ಮುಂದಿನ ಪಂದ್ಯ ಯಾವತ್ತೇ ಎನ್ನುತ್ತಿದ್ದಾರೆ, ಶನಿವಾರ ಅತ್ತೆ ಎನ್ನುತ್ತ ಅವಳು ಮತ್ತೆ ಬಗ್ಗಿ ನೋಡುತ್ತಿದ್ದಾಳೆ, ಆಟ ಮುಗಿದಿದೆ, ಎಣಿಸುವವರಿಲ್ಲ, ಆದರೂ ಮೇಜಿನ ಕೆಳಗೆ ನೀಲಿ ಚಪ್ಪಲಿಯ ತುದಿ ಏಳುತ್ತಿದೆ, ಬೀಳುತ್ತಿದೆ, ತಡೆಯುತ್ತಿದೆ, ಏಳುತ್ತಿದೆ —